ದೃಷ್ಟಿರೇಖೆಯ ಎತ್ತರ

ಅದುಮಿದ ಗಾಳಿಯ ಬಲದಿಂದ ಗುಂಡನ್ನು ಹೊರದೂಡುವ ಏರ್ ರೈಫಲಿನ ಮೇಲೆ ದೂರದರ್ಶಕವನ್ನು, ಎಂದರೆ ಗುರಿಕಾರರು ಸ್ಕೋಪ್ ಎಂದು ಕರೆಯುವ ಉಪಕರಣವನ್ನು, ಎಷ್ಟು ಎತ್ತರದಲ್ಲಿ ಕೂಡಿಸಬೇಕೆಂಬ ಪ್ರಶ್ನೆಯು ಮೊದಲ ನೋಟಕ್ಕೆ ಅಂಗಡಿಯಲ್ಲಿ ಸ್ಕೋಪನ್ನು ಹಿಡಿದಿಡುವ ಒಂದು ಜೊತೆ ಲೋಹದ ಬಳೆಗಳನ್ನು ಆರಿಸಿ ಕೊಳ್ಳುವಷ್ಟರ ಅಲ್ಪ ವ್ಯವಹಾರವೆಂಬಂತೆ ತೋರುವುದಾದರೂ, ಅದನ್ನು ಸಾವಧಾನವಾಗಿ ಪರಿಶೀಲಿಸಿದವರಿಗೆ, ಬೀಳುವ ವಸ್ತುವಿನ ನಿಯಮ, ಸರಳರೇಖೆಯಲ್ಲಿ ಹರಿಯುವ ಬೆಳಕಿನ ನಿಯಮ, ಮನುಷ್ಯನ ಕತ್ತು ಕಣ್ಣುಗಳ ರಚನೆ, ಈ ಮೂರೂ ಆ ಬಳೆಗಳ ಜಾಗದಲ್ಲಿ ಒಂದನ್ನೊಂದು ಸಂಧಿಸುತ್ತವೆ ಎಂಬುದು ತಿಳಿಯದೆ ಇರದು. ‘ಸಾಧ್ಯವಾದಷ್ಟೂ ತಗ್ಗಿಸಿ ಕೂಡಿಸು’ ಎಂಬ ಸೂತ್ರವು ಗುರಿಕಾರರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದು ಎಷ್ಟರ ಮಟ್ಟಿಗೆ ದಿಟ, ಎಲ್ಲಿ ಅದರ ಅಧಿಕಾರ ಮುಗಿಯುತ್ತದೆ, ಅದರ ಆಚೆಗೆ ಯಾವ ವಿವೇಕವನ್ನು ಅನುಸರಿಸಬೇಕು ಎಂಬುದನ್ನು ವಿಚಾರಿಸುವುದೇ ಈ ಅಧ್ಯಾಯದ ಉದ್ದೇಶ.

ಈ ವಿಚಾರಕ್ಕೆ ಅತ್ಯಂತ ಯೋಗ್ಯವಾದ ಪರೀಕ್ಷಾಭೂಮಿಯೆಂದರೆ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಫೀಲ್ಡ್ ಟಾರ್ಗೆಟ್ ಎಂಬ ಸ್ಪರ್ಧೆ. 1980ರಲ್ಲಿ ಸಸೆಕ್ಸ್ ಪ್ರಾಂತದ ಮ್ಯಾಗ್‌ಹ್ಯಾಮ್ ಡೌನ್ ಎಂಬಲ್ಲಿ ಮೊದಲಾದ ಈ ಕ್ರೀಡೆಯಲ್ಲಿ, ಮರಗಿಡಗಳ ನಡುವೆ ಬೇರೆ ಬೇರೆ ದೂರಗಳಲ್ಲಿ ತಗಡಿನ ಆಕೃತಿಗಳನ್ನು ನಿಲ್ಲಿಸಿರುತ್ತಾರೆ. ಒಂದೊಂದು ಆಕೃತಿಯಲ್ಲಿಯೂ ಒಂದು ದುಂಡನೆಯ ರಂಧ್ರವಿರುತ್ತದೆ. ಗುಂಡು ಆ ರಂಧ್ರದ ಮೂಲಕ ಹಾದು ಹಿಂದಿನ ಪಟ್ಟಿಗೆ ತಗುಲಿದರೆ ಆಕೃತಿ ಮಗುಚಿ ಬೀಳುತ್ತದೆ. ರಂಧ್ರದ ಅಂಚಿನ ಹೊರಗೆ ತಗುಲಿದರೆ ನಿಂತಲ್ಲಿಯೇ ನಿಂತಿರುತ್ತದೆ. ಸಮೀಪದ ರಂಧ್ರಗಳು ಸುಮಾರು 15 ಮಿಲಿಮೀಟರ್ ಅಗಲದವೂ ದೂರದವು ಸುಮಾರು 40 ಮಿಲಿಮೀಟರ್ ಅಗಲದವೂ ಆಗಿರುವುದುಂಟು. ದೂರಗಳು ಸುಮಾರು 9 ಮೀಟರಿನಿಂದ 50 ಮೀಟರಿನವರೆಗೆ ಹರಡಿರುತ್ತವೆ. ಯಾವ ಆಕೃತಿ ಎಷ್ಟು ದೂರದಲ್ಲಿದೆಯೆಂದು ಯಾರೂ ಹೇಳುವುದಿಲ್ಲ. ಸ್ಕೋಪಿನ ಪಕ್ಕದ ಚಕ್ರವನ್ನು ತಿರುಗಿಸಿ, ಬಿಂಬವು ಯಾವ ಅಂಕೆಯಲ್ಲಿ ಸ್ಫುಟವಾಗುವುದೋ ಅದರಿಂದಲೇ ಗುರಿಕಾರನು ದೂರವನ್ನು ನಿರ್ಣಯಿಸಿಕೊಳ್ಳತಕ್ಕದ್ದು. ಬಂದೂಕದ ಶಕ್ತಿಗೂ ಮಿತಿಯುಂಟು. ಇಂಗ್ಲೆಂಡಿನ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲಿನ ಗುಂಡು ನಳಿಗೆಯ ಬಾಯಲ್ಲಿ 12 ಅಡಿ-ಪೌಂಡಿಗಿಂತ, ಎಂದರೆ ಸುಮಾರು 16.3 ಜೂಲಿಗಿಂತ, ಹೆಚ್ಚಿನ ಶಕ್ತಿಯನ್ನು ಪಡೆದಿರಕೂಡದು. ಶಕ್ತಿಯು ಅಲ್ಪ, ದೂರವು ಅನಿಶ್ಚಿತ, ರಂಧ್ರವು ಕಿರಿದು. ಈ ಮೂರು ನಿರ್ಬಂಧಗಳು ಒಂದುಗೂಡಿರುವ ಕಡೆಯಲ್ಲಿ ಒಂದು ಸೆಂಟಿಮೀಟರಿನ ಎತ್ತರವೂ ವಿಚಾರಕ್ಕೆ ಅರ್ಹವಾಗುತ್ತದೆ.

ಮೊದಲು ಎರಡು ರೇಖೆಗಳನ್ನು ಮನಸ್ಸಿನಲ್ಲಿ ಬೇರ್ಪಡಿಸಿಕೊಳ್ಳಬೇಕು. ಒಂದು, ನಳಿಗೆಯ ನಡುವಿನಿಂದ ಹೊರಟು ಮುಂದಕ್ಕೆ ಚಾಚಿದ ಅಕ್ಷರೇಖೆ. ಇನ್ನೊಂದು, ಕಣ್ಣಿನಿಂದ ಸ್ಕೋಪಿನ ಅಕ್ಷದ ಮೂಲಕ ಗುರಿಗೆ ಮುಟ್ಟುವ ದೃಷ್ಟಿರೇಖೆ. ಎರಡನೆಯದು ಬೆಳಕಿನ ಹಾದಿಯಾದುದರಿಂದ ಎಷ್ಟು ದೂರ ಹೋದರೂ ನೇರವಾಗಿಯೇ ಇರುತ್ತದೆ. ಗುಂಡಾದರೋ ನಳಿಗೆಯ ಬಾಯನ್ನು ಬಿಟ್ಟ ಕ್ಷಣದಿಂದಲೇ ಅಕ್ಷರೇಖೆಯಿಂದ ಕೆಳಗೆ ಬೀಳತೊಡಗುತ್ತದೆ. ಎಸೆದ ವಸ್ತುವಿನ ಮುಂದಿನ ಚಲನೆ ಬೇರೆ, ಅದು ಬೀಳುವ ಚಲನೆ ಬೇರೆ, ಇವೆರಡೂ ಕೂಡಿ ಪರವಲಯವೆಂಬ ವಕ್ರವನ್ನು ರಚಿಸುತ್ತವೆ ಎಂದು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಆದರೆ ಆ ಪರವಲಯವು ಗಾಳಿಯಿಲ್ಲದ ಲೋಕದ್ದು. ಗಾಳಿಯು ಗುಂಡಿಗೆ ಒಡ್ಡುವ ಪ್ರತಿರೋಧವು ವಿದ್ವಾಂಸರು ಊಹಿಸಿದ್ದಕ್ಕಿಂತ ಬಹಳ ಅಧಿಕವೆಂಬುದನ್ನು 1742ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟವನು ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞ. ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿಯು ತೂಗಿದ ಅಳತೆಯಿಂದ ಗುಂಡಿನ ವೇಗವನ್ನು ಕಂಡುಹಿಡಿದ ಈ ಮಹನೀಯನು, ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ನಮ್ಮ ದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಸೊಂಟ ಹಿಡಿದಂಥ ಆಕಾರದ ಸೀಸದ ಚಿಕ್ಕ ಗುಂಡನ್ನು, ಎಂದರೆ ಪೆಲೆಟ್ಟನ್ನು, ಹಾರಿಸುವ ಇಂದಿನ ಗುರಿಕಾರನು ದಿನವೂ ಎದುರಿಸುವುದು ಗೆಲಿಲಿಯೋವಿನ ಪರವಲಯವನ್ನಲ್ಲ, ರಾಬಿನ್ಸನ ಗಾಳಿಯನ್ನು.

ಒಂದು ಉದಾಹರಣೆಯನ್ನು ಗಣಿತಕ್ಕೆ ಒಡ್ಡೋಣ. 4.5 ಮಿಲಿಮೀಟರ್ ವ್ಯಾಸದ, ಸುಮಾರು 0.55 ಗ್ರಾಂ ತೂಕದ ಪೆಲೆಟ್ಟು ಸೆಕೆಂಡಿಗೆ 240 ಮೀಟರ್ ವೇಗದಿಂದ ಹೊರಟಿತೆನ್ನಿ. ಇದು ಮೇಲೆ ಹೇಳಿದ ಕಾಯಿದೆಯ ಮಿತಿಯೊಳಗೇ ಇದೆ. ಗಾಳಿಯ ಪ್ರತಿರೋಧದಿಂದ 50 ಮೀಟರ್ ಮುಟ್ಟುವ ವೇಳೆಗೆ ಆ ವೇಗವು 184 ಮೀಟರಿಗೆ ಇಳಿಯುತ್ತದೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಗುಂಡು ಅಕ್ಷರೇಖೆಯಿಂದ ಬಿದ್ದಿರುವ ಆಳವು 10 ಮೀಟರಿನಲ್ಲಿ 0.9 ಸೆಂಟಿಮೀಟರ್, 20 ಮೀಟರಿನಲ್ಲಿ 3.7, 35 ಮೀಟರಿನಲ್ಲಿ 11.9, 50 ಮೀಟರಿನಲ್ಲಿ 25.7 ಸೆಂಟಿಮೀಟರ್ ಎಂದು ಬರುತ್ತದೆ. ಆದಕಾರಣ ನಳಿಗೆಯನ್ನು ದೃಷ್ಟಿರೇಖೆಗಿಂತ ತುಸು ಮೇಲ್ಮುಖವಾಗಿ ಓರೆಯಿಟ್ಟಲ್ಲದೆ ಗುರಿ ಸಿಕ್ಕದು. ಹಾಗೆ ಓರೆಯಿಟ್ಟಾಗ, ಸ್ಕೋಪಿನ ಕೆಳಗಿನಿಂದ ಹೊರಟ ಗುಂಡು ಏರುತ್ತ ಏರುತ್ತ ದೃಷ್ಟಿರೇಖೆಯನ್ನು ಒಮ್ಮೆ ದಾಟಿ, ಅದರ ಮೇಲೆ ಸ್ವಲ್ಪ ದೂರ ಸಾಗಿ, ಇಳಿಯುವಾಗ ಮತ್ತೊಮ್ಮೆ ದಾಟುತ್ತದೆ. ಈ ಎರಡನೆಯ ಸಂಧಿಸ್ಥಾನವನ್ನೇ ಗುರಿಕಾರರು ಬಂದೂಕದ ‘ಜೀರೋ’ ಎನ್ನುವುದು. ನಾವು ಇಲ್ಲಿ ಅದನ್ನು ಶೂನ್ಯದೂರವೆಂದು ಕರೆಯೋಣ.

ಈಗ ಸ್ಕೋಪನ್ನು ಎರಡು ಸೆಂಟಿಮೀಟರ್ ಮೇಲಕ್ಕೆ ಎತ್ತಿದರೆ ಗುಂಡಿನ ದಾರಿಗೆ ಏನಾಗುವುದು? ಏನೂ ಆಗುವುದಿಲ್ಲವೆಂಬುದೇ ಮೊದಲು ಮನಗಾಣಬೇಕಾದ ಸಂಗತಿ. ಅಂಗಳದಲ್ಲಿ ಎಸೆದ ಕಲ್ಲನ್ನು ಜಗುಲಿಯ ಮೇಲೆ ನಿಂತು ನೋಡಿದರೂ ಮಹಡಿಯ ಮೇಲೆ ನಿಂತು ನೋಡಿದರೂ ಕಲ್ಲಿನ ಹಾದಿ ಒಂದೇ. ಬದಲಾಗುವುದು ನೋಡುವವನ ನೋಟದ ರೇಖೆ ಮಾತ್ರ. ಎತ್ತರಿಸಿದ ಸ್ಕೋಪಿನಲ್ಲಿ ಶೂನ್ಯದೂರವನ್ನು ಮೊದಲಿನಂತೆಯೇ ಇಟ್ಟುಕೊಂಡರೆ, ದೃಷ್ಟಿರೇಖೆಯು ಆ ಬಿಂದುವಿನ ಕಡೆಗೆ ಮೊದಲಿಗಿಂತ ಹೆಚ್ಚು ಇಳಿಜಾರಾಗುತ್ತದೆ, ಅಷ್ಟೇ. ಇದರಿಂದ ಒಂದು ಸರಳವೂ ಸುಂದರವೂ ಆದ ನಿಯಮವು ತಾನಾಗಿಯೇ ಹೊಮ್ಮುತ್ತದೆ. ಎತ್ತರಿಸಿದ ಪ್ರಮಾಣವೆಷ್ಟೋ ಅಷ್ಟು ಪೂರ್ತಿಯಾಗಿ ನಳಿಗೆಯ ಬಾಯಲ್ಲಿ ಗುಂಡು ದೃಷ್ಟಿರೇಖೆಯಿಂದ ಕೆಳಗೆ ಸರಿಯುತ್ತದೆ. ಶೂನ್ಯದೂರದಲ್ಲಿ ಈ ವ್ಯತ್ಯಾಸವು ಇಲ್ಲವಾಗುತ್ತದೆ. ಶೂನ್ಯದೂರದ ಇಮ್ಮಡಿ ದೂರದಲ್ಲಿ ಅಷ್ಟೇ ಪ್ರಮಾಣವು ಪೂರ್ತಿಯಾಗಿ ಮೇಲಕ್ಕೆ ತೋರುತ್ತದೆ. ನಡುವೆಲ್ಲ ದೂರಕ್ಕೆ ತಕ್ಕ ಪಾಲು. ಈ ನಿಯಮದೊಳಗೆ ಗುಂಡಿನ ವೇಗಕ್ಕಾಗಲಿ ತೂಕಕ್ಕಾಗಲಿ ಗಾಳಿಯ ಪ್ರತಿರೋಧಕ್ಕಾಗಲಿ ಪ್ರವೇಶವೇ ಇಲ್ಲ. ಅದು ಎರಡು ಸರಳರೇಖೆಗಳ ಶುದ್ಧ ರೇಖಾಗಣಿತ.

ಶೂನ್ಯದೂರವು 35 ಮೀಟರ್ ಎಂದಿರಲಿ. ಸ್ಕೋಪಿನ ಅಕ್ಷವು ನಳಿಗೆಯ ಅಕ್ಷಕ್ಕಿಂತ 4 ಸೆಂಟಿಮೀಟರ್ ಮೇಲಿದ್ದರೆ ನಮ್ಮ ಪೆಲೆಟ್ಟು 9 ಮೀಟರಿನಲ್ಲಿ ದೃಷ್ಟಿರೇಖೆಗಿಂತ 0.6 ಸೆಂಟಿಮೀಟರ್ ಕೆಳಗೂ, 20 ಮೀಟರಿನಲ್ಲಿ 1.4 ಮೇಲೂ, 50 ಮೀಟರಿನಲ್ಲಿ 7 ಕೆಳಗೂ ಇರುತ್ತದೆ. ಅದೇ ಸ್ಕೋಪು 6 ಸೆಂಟಿಮೀಟರ್ ಮೇಲಿದ್ದರೆ ಈ ಅಂಕೆಗಳು ಕ್ರಮವಾಗಿ 2.1 ಕೆಳಗೆ, 0.5 ಮೇಲೆ, 6.1 ಕೆಳಗೆ ಎಂದಾಗುತ್ತವೆ. ಎತ್ತರದ ಸ್ಕೋಪು ನಡುದೂರದ ಉಬ್ಬನ್ನು ತಗ್ಗಿಸಿ, ದೂರದ ಬೀಳನ್ನು ಒಂದಿಷ್ಟು ಕಡಿಮೆಯಾಗಿ ಕಾಣಿಸಿ, ಅದಕ್ಕೆ ಬೆಲೆಯಾಗಿ ಸಮೀಪದಲ್ಲಿ ಒಂದೂವರೆ ಸೆಂಟಿಮೀಟರನ್ನು ಕೇಳುತ್ತದೆ.

ಆ ಬೆಲೆಯು ಎಲ್ಲಿ ನೋಯಿಸುತ್ತದೆಂಬುದನ್ನೂ ನೋಡಬೇಕು. ಗುರಿಕಾರನು ದೂರವನ್ನು ಸರಿಯಾಗಿ ತಿಳಿದಿದ್ದರೆ, ಸ್ಕೋಪಿನ ಮೇಲಿನ ತಿರುಗಣಿಯನ್ನು ತಕ್ಕಷ್ಟು ತಿರುಗಿಸಿ ಎಂಥ ವ್ಯತ್ಯಾಸವನ್ನಾದರೂ ಸರಿಪಡಿಸಿಕೊಳ್ಳಬಲ್ಲನು. ತೊಂದರೆ ಬರುವುದು ದೂರವನ್ನು ತಪ್ಪಾಗಿ ಅಳೆದಾಗ. ಆಕೃತಿಯು 9 ಮೀಟರಿನಲ್ಲಿದೆಯೆಂದು ಭಾವಿಸಿ ಹೊಡೆದದ್ದು ನಿಜವಾಗಿ 10 ಮೀಟರಿನಲ್ಲಿದ್ದರೆ, 4 ಸೆಂಟಿಮೀಟರ್ ಎತ್ತರದ ಸ್ಕೋಪಿನಲ್ಲಿ ಗುಂಡು ಸುಮಾರು 3.5 ಮಿಲಿಮೀಟರ್ ಮೇಲಕ್ಕೆ ಹೋಗುತ್ತದೆ. 6 ಸೆಂಟಿಮೀಟರಿನದರಲ್ಲಿ 5.7 ಮಿಲಿಮೀಟರ್. 15 ಮಿಲಿಮೀಟರ್ ರಂಧ್ರದ ನಡುವಿನಿಂದ ಅಂಚಿಗೆ ಇರುವ ದೂರವೇ ಏಳೂವರೆ ಮಿಲಿಮೀಟರ್. ಗುಂಡಿನ ಅರ್ಧ ಅಗಲವನ್ನು ಅದರಲ್ಲಿ ಕಳೆದರೆ ಉಳಿಯುವುದು ಐದು ಮಿಲಿಮೀಟರಿಗೆ ತುಸು ಮೇಲೆ. ಅಂದಮೇಲೆ ಮೊದಲನೆಯ ತಪ್ಪು ಕ್ಷಮಿಸಲ್ಪಡುತ್ತದೆ, ಎರಡನೆಯದು ಕ್ಷಮಿಸಲ್ಪಡುವುದಿಲ್ಲ. ಇತ್ತ 50 ಮೀಟರಿನಲ್ಲಿ ಅಂಥದೇ ಒಂದು ಮೀಟರಿನ ತಪ್ಪಿಗೆ ತಗ್ಗಿನ ಸ್ಕೋಪು 5.3 ಮಿಲಿಮೀಟರನ್ನೂ ಎತ್ತರದ್ದು 4.9 ಮಿಲಿಮೀಟರನ್ನೂ ದಂಡವಾಗಿ ವಿಧಿಸುತ್ತವೆ. ಅಲ್ಲಿ ದೊರೆಯುವ ಲಾಭವು ಅಲ್ಪವೆಂಬುದು ಸ್ಪಷ್ಟ. ಆದರೂ ಸಮೀಪದ ದೂರಗಳಲ್ಲಿ ಸ್ಕೋಪಿನ ಸ್ಫುಟತೆಯಿಂದ ದೂರವನ್ನು ಅಳೆಯುವುದು ಅತ್ಯಂತ ಸೂಕ್ಷ್ಮವಾಗಿ ಸಾಧ್ಯವಾಗುತ್ತದೆ, ದೂರ ಹೋದಂತೆ ಆ ಸೂಕ್ಷ್ಮತೆ ಕುಗ್ಗುತ್ತದೆ. ಒಂದು ಮೀಟರಿನ ತಪ್ಪು 9 ಮೀಟರಿನಲ್ಲಿ ವಿರಳ, 50 ಮೀಟರಿನಲ್ಲಿ ಸಾಮಾನ್ಯ. ಇದನ್ನು ಮರೆತು ಬರಿಯ ಅಂಕೆಗಳನ್ನು ಹೋಲಿಸಿದರೆ ಎತ್ತರದ ಸ್ಕೋಪಿಗೆ ಅನ್ಯಾಯವಾದೀತು.

ತಗ್ಗೇ ಸರ್ವಶ್ರೇಷ್ಠವಲ್ಲವೆಂಬುದಕ್ಕೆ ಗಣಿತವೇ ಕೊಡುವ ಇನ್ನೊಂದು ಪ್ರಮಾಣವುಂಟು. ತಿರುಗಣಿಯನ್ನು ಅತಿ ಹೆಚ್ಚಾಗಿ ತಿರುಗಿಸಬೇಕಾಗುವುದು ಅತಿ ಸಮೀಪದ ಗುರಿಗೆ ಮತ್ತು ಅತಿ ದೂರದ ಗುರಿಗೆ. ಇವೆರಡರ ನಡುವೆ, ಸುಮಾರು 20ರಿಂದ 25 ಮೀಟರುಗಳಲ್ಲಿ, ಅದನ್ನು ಅತಿ ಕಡಿಮೆ ಸ್ಥಿತಿಗೆ ಇಳಿಸಬೇಕಾಗುತ್ತದೆ. ಸ್ಕೋಪು ತೀರ ತಗ್ಗಿನಲ್ಲಿದ್ದರೆ ದೂರದ ಗುರಿಯ ಬೇಡಿಕೆ ಮೇಲುಗೈಯಾಗುತ್ತದೆ, ತೀರ ಎತ್ತರದಲ್ಲಿದ್ದರೆ ಸಮೀಪದ ಗುರಿಯದು. ನಮ್ಮ ಪೆಲೆಟ್ಟಿಗೆ 9 ಮೀಟರಿನ ಬೇಡಿಕೆಯೂ 50 ಮೀಟರಿನ ಬೇಡಿಕೆಯೂ ಸರಿಸಮವಾಗುವ ಎತ್ತರವನ್ನು ಲೆಕ್ಕ ಹಾಕಿದರೆ ಅದು ಸುಮಾರು 4.8 ಸೆಂಟಿಮೀಟರ್ ಎಂದು ಬರುತ್ತದೆ. ಆ ಎತ್ತರದಲ್ಲಿ ತಿರುಗಣಿಯ ಒಟ್ಟು ಓಡಾಟವು ಕನಿಷ್ಠ. ಅದಕ್ಕಿಂತ ಮೇಲಕ್ಕೆ ಹೋದರೂ ಕೆಳಕ್ಕೆ ಬಂದರೂ ಓಡಾಟ ಹೆಚ್ಚುತ್ತದೆ. ಈ ಅಂಕೆಯು ಎಲ್ಲ ಬಂದೂಕುಗಳಿಗೂ ವೇದವಾಕ್ಯವಲ್ಲ. ವೇಗ, ಪೆಲೆಟ್ಟು, ದೂರದ ಮಿತಿಗಳು ಬದಲಾದಂತೆ ಅದೂ ಬದಲಾಗುತ್ತದೆ. ಆದರೆ ಇಂಥದೊಂದು ಮಧ್ಯಮ ಸ್ಥಾನವಿದೆಯೆಂಬುದೂ, ಅದು ಅತ್ಯಂತ ತಗ್ಗಾದ ಸ್ಥಾನವಲ್ಲವೆಂಬುದೂ ಮುಖ್ಯ.

ಎತ್ತರದ ಸ್ಕೋಪಿನ ಮೇಲೆ ಬಹುಜನರು ಹೊರಿಸುವ ಮತ್ತೊಂದು ದೋಷವೆಂದರೆ, ಬಂದೂಕು ಎಡಕ್ಕೋ ಬಲಕ್ಕೋ ವಾಲಿದಾಗ ಅದು ತಪ್ಪನ್ನು ದೊಡ್ಡದು ಮಾಡುತ್ತದೆ ಎಂಬುದು. ಇದನ್ನು ಎರಡಾಗಿ ಬಿಡಿಸಿ ನೋಡಬೇಕು. ಸ್ಕೋಪು ಬಂದೂಕದ ಮೇಲೆ ನೆಟ್ಟಗೆ ಕೂತಿದ್ದು, ಎರಡೂ ಒಟ್ಟಾಗಿ ವಾಲಿದವೆನ್ನಿ. ಬೀಳನ್ನು ಸರಿದೂಗಿಸಲೆಂದು ನಳಿಗೆಗೆ ನಾವು ಕೊಟ್ಟಿದ್ದ ಮೇಲ್ಮುಖದ ಓರೆಯು ಈಗ ಒಂದಿಷ್ಟು ಪಕ್ಕಕ್ಕೆ ತಿರುಗುತ್ತದೆ. ಭೂಮಿಯ ಸೆಳೆತವಾದರೋ ಲಂಬವಾಗಿಯೇ ಎಳೆಯುತ್ತದೆ. ಆದುದರಿಂದ ಪಕ್ಕಕ್ಕೆ ಆಗುವ ತಪ್ಪು ಆ ದೂರದ ಬೀಳಿನ ಒಂದು ಪಾಲು. ಎರಡು ಡಿಗ್ರಿಯಷ್ಟು ವಾಲಿದರೆ ನಮ್ಮ ಪೆಲೆಟ್ಟು 20 ಮೀಟರಿನಲ್ಲಿ ಸುಮಾರು 1.3 ಮಿಲಿಮೀಟರ್, 35 ಮೀಟರಿನಲ್ಲಿ 4, 50 ಮೀಟರಿನಲ್ಲಿ 9 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ದೂರಕ್ಕೆ ತಕ್ಕಂತೆ ತಿರುಗಣಿಯನ್ನು ಸರಿಯಾಗಿ ಇಟ್ಟುಕೊಂಡಿರುವವರೆಗೆ ಈ ಲೆಕ್ಕದಲ್ಲಿ ಸ್ಕೋಪಿನ ಎತ್ತರಕ್ಕೆ ಸ್ಥಾನವೇ ಇಲ್ಲ. ಆ ದೋಷವು ವಾಲಿಸಿದ ಕೈಯದು, ಬಳೆಯದಲ್ಲ.

ಎತ್ತರವು ನಿಜವಾಗಿ ಅಪರಾಧಿಯಾಗುವುದು ಎರಡನೆಯ ಸಂದರ್ಭದಲ್ಲಿ. ಎಂದರೆ ಸ್ಕೋಪಿನೊಳಗೆ ಗುರಿಯಿಡಲು ಕಾಣುವ ನಿಲುಗೆರೆಯು ನೆಟ್ಟಗಿದ್ದು, ಅದನ್ನು ಕೆಳಕ್ಕೆ ಎಳೆದರೆ ಅದು ನಳಿಗೆಯ ನಡುವಿಗೆ ಬೀಳದೆ ಪಕ್ಕಕ್ಕೆ ಬೀಳುವಂತೆ ಕೂಡಿಸಿರುವಾಗ. ಆಗ ನಳಿಗೆಯು ದೃಷ್ಟಿರೇಖೆಯ ಒಂದು ಪಕ್ಕದಿಂದ ಗುಂಡನ್ನು ಕಳುಹಿಸುತ್ತದೆ. ಶೂನ್ಯದೂರದಲ್ಲಿ ಅದನ್ನು ನಡುವಿಗೆ ತಂದುಕೊಂಡರೂ, ಸಮೀಪದಲ್ಲಿ ಒಂದು ಪಕ್ಕಕ್ಕೂ ದೂರದಲ್ಲಿ ಇನ್ನೊಂದು ಪಕ್ಕಕ್ಕೂ ಅದು ಸರಿಯುತ್ತದೆ. ಎರಡು ಡಿಗ್ರಿಯ ಈ ಓರೆಯಿಂದ 4 ಸೆಂಟಿಮೀಟರ್ ಎತ್ತರದಲ್ಲಿ 9 ಮೀಟರಿನ ಗುರಿಗೆ ಒಂದು ಮಿಲಿಮೀಟರೂ, 6 ಸೆಂಟಿಮೀಟರ್ ಎತ್ತರದಲ್ಲಿ ಒಂದೂವರೆ ಮಿಲಿಮೀಟರೂ ತಪ್ಪುತ್ತದೆ. ಗುಂಡು ಸಮೀಪದಲ್ಲಿ ಎಡಕ್ಕೂ ದೂರದಲ್ಲಿ ಬಲಕ್ಕೂ ಹೋಗುವುದನ್ನು ಕಂಡು ಗಾಳಿಯನ್ನೂ ಪೆಲೆಟ್ಟನ್ನೂ ದೂರುವವರು ಮೊದಲು ಈ ಓರೆಯನ್ನು ಶಂಕಿಸತಕ್ಕದ್ದು. ಎತ್ತರವನ್ನು ಆರಿಸಿಕೊಂಡವನು ಜೋಡಣೆಯಲ್ಲಿ ಹೆಚ್ಚಿನ ಶ್ರದ್ಧೆಯನ್ನೂ ಜೊತೆಗೇ ಆರಿಸಿಕೊಂಡಂತೆ.

ಇಷ್ಟರವರೆಗೆ ಗುಂಡಿನ ಪಕ್ಷದ ವಾದವಾಯಿತು. ಇನ್ನು ಕಣ್ಣಿನ ಪಕ್ಷದ ವಾದವನ್ನು ಕೇಳೋಣ. ನನ್ನ ಅಭಿಪ್ರಾಯದಲ್ಲಿ ತೀರ್ಪು ನಿಲ್ಲುವುದು ಅದರ ಮೇಲೆಯೇ. ಸ್ಕೋಪಿನ ಹಿಂಭಾಗದಿಂದ ಹೊರಬರುವ ಬೆಳಕಿನ ಕಂಬದ ವ್ಯಾಸವು ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದಷ್ಟು. ಫೀಲ್ಡ್ ಟಾರ್ಗೆಟ್ಟಿನಲ್ಲಿ ಬಳಸುವಂಥ 50 ಮಿಲಿಮೀಟರ್ ಮಸೂರದ ಸ್ಕೋಪನ್ನು 40 ಪಟ್ಟು ವರ್ಧನೆಗೆ ಇಟ್ಟಾಗ ಆ ಕಂಬವು ಕೇವಲ 1.25 ಮಿಲಿಮೀಟರ್ ಅಗಲದ್ದು. ಹಗಲಿನ ಬೆಳಕಿನಲ್ಲಿ ಕಣ್ಣಿನ ಪಾಪೆಯೂ ಕೆಲವೇ ಮಿಲಿಮೀಟರ್ ಅಗಲದ್ದು. ಇಷ್ಟು ಸಣ್ಣ ಕಂಬವನ್ನು ಇಷ್ಟು ಸಣ್ಣ ಕಿಂಡಿಯೊಳಕ್ಕೆ ಪ್ರತಿಸಲವೂ ತಪ್ಪದೆ ತಂದು ನಿಲ್ಲಿಸುವವರು ಯಾರು? ಬಂದೂಕದ ಹಿಡಿಗೆ ಆನಿಸಿದ ಕೆನ್ನೆ. ಕೆನ್ನೆಯ ಎಲುಬು ಹಿಡಿಯ ಮೇಲೆ ನೆಲೆಯಾಗಿ ಕೂತಾಗ ಕಣ್ಣು ತಾನಾಗಿಯೇ ಸ್ಕೋಪಿನ ಅಕ್ಷಕ್ಕೆ ಬಂದರೆ ಎತ್ತರವು ಸರಿಯಿದೆ. ಬಾರದಿದ್ದರೆ ಲೆಕ್ಕವು ಏನೇ ಹೇಳಲಿ, ಸರಿಯಿಲ್ಲ.

ಕಣ್ಣು ಅಕ್ಷದಿಂದ ಸರಿದರೆ ಬಿಂಬದ ಅಂಚಿನಲ್ಲಿ ಕಪ್ಪು ನೆರಳು ಕವಿಯುವುದಷ್ಟೇ ಅಲ್ಲ, ಪ್ಯಾರಲಾಕ್ಸ್ ಎಂಬ ದೃಷ್ಟಿಭೇದವೂ ತಲೆಯೆತ್ತುತ್ತದೆ. ಗುರಿಯ ಬಿಂಬವೂ ಅಡ್ಡಗೆರೆ ನಿಲುಗೆರೆಗಳೂ ಒಂದೇ ತಲದಲ್ಲಿ ಇಲ್ಲದಿದ್ದಾಗ, ಕಣ್ಣು ಅಲುಗಿದಂತೆ ಗೆರೆಗಳು ಗುರಿಯ ಮೇಲೆ ಅಲುಗುತ್ತವೆ. 40 ಮಿಲಿಮೀಟರ್ ಮಸೂರದ, 100 ಮೀಟರಿಗೆ ಹೊಂದಿಸಿದ ಸ್ಕೋಪಿನಿಂದ 10 ಮೀಟರಿನ ಗುರಿಯನ್ನು ನೋಡುವವನ ಕಣ್ಣು ಬೆಳಕಿನ ಕಂಬದ ಅಂಚಿಗೆ ಸರಿದರೆ ಆಗುವ ತಪ್ಪು 18 ಮಿಲಿಮೀಟರಿನವರೆಗೆ ಹೋಗಬಲ್ಲದು. ಎತ್ತರವನ್ನು ಎರಡು ಸೆಂಟಿಮೀಟರ್ ಬದಲಿಸಿದರೆ ಆ ದೂರಗಳಲ್ಲಿ ಆಗುವ ವ್ಯತ್ಯಾಸವನ್ನೂ ಇದು ಮೀರಿಸುತ್ತದೆ. ಅಲ್ಲದೆ ಎತ್ತರದ ವ್ಯತ್ಯಾಸವು ಸ್ಥಿರವಾದುದು, ಮುಂಗಡವಾಗಿ ತಿಳಿದಿರುವಂಥದು, ತಿರುಗಣಿಯಿಂದ ಅಳಿಸಬಹುದಾದುದು. ಕಣ್ಣಿನ ಚಾಂಚಲ್ಯದಿಂದ ಬರುವ ತಪ್ಪು ಒಂದೊಂದು ಸಲಕ್ಕೆ ಒಂದೊಂದು ಬಗೆ. ತಿಳಿದ ಸಾಲವನ್ನು ತೀರಿಸಬಹುದು, ಲೆಕ್ಕವಿಲ್ಲದ ಸಾಲವನ್ನು ತೀರಿಸುವ ಬಗೆಯಿಲ್ಲ.

ತಲೆಯನ್ನು ತುಂಬ ಬಗ್ಗಿಸಿ ತಗ್ಗಿನ ಸ್ಕೋಪನ್ನು ನೋಡುವವನು ಹುಬ್ಬಿನ ಕೆಳಗಿನಿಂದ, ಕಣ್ಣುಗುಡ್ಡೆಯನ್ನು ಮೇಲಕ್ಕೆ ಹೊರಳಿಸಿ ನೋಡಬೇಕಾಗುತ್ತದೆ; ಸ್ನಾಯುಗಳು ಬಹುಬೇಗ ದಣಿಯುತ್ತವೆ; ಕನ್ನಡಕ ಧರಿಸಿದವನಾದರೆ ಮಸೂರದ ನಡುವನ್ನು ಬಿಟ್ಟು ಅಂಚಿನಿಂದ ನೋಡುವಂತಾಗಿ ಬಿಂಬವೇ ಕೆಡುತ್ತದೆ. ಫೀಲ್ಡ್ ಟಾರ್ಗೆಟ್ ಗುರಿಕಾರನು ನೆಲದ ಮೇಲೆ ದಿಂಬಿಟ್ಟು ಕುಳಿತು, ಬಂದೂಕನ್ನು ಮೊಣಕಾಲಿನ ಆಸರೆಗೆ ಒಪ್ಪಿಸಿ ಹೊಡೆಯುತ್ತಾನಾದ್ದರಿಂದ ಅವನ ತಲೆ ಸಹಜವಾಗಿ ನೆಟ್ಟಗಿರಬಯಸುತ್ತದೆ, ಅದಕ್ಕೆ ಎತ್ತರದ ಸ್ಕೋಪು ಒಪ್ಪುತ್ತದೆ. ನೆಲಕ್ಕೆ ಒರಗಿ ಮಲಗಿ ಹೊಡೆಯುವವನಿಗೆ ತಗ್ಗು ಒಪ್ಪಬಹುದು. ಸ್ಕೋಪನ್ನೇ ಬಳಸದ ಒಲಿಂಪಿಕ್ಸ್ ಸ್ಪರ್ಧೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. 2008ರಲ್ಲಿ ಬೀಜಿಂಗ್ ನಗರದಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕವನ್ನು ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿಯ ದೂರ ಎಂದೂ ಬದಲಾಗದು, ಆದಕಾರಣ ದೃಷ್ಟಿರೇಖೆಯ ಎತ್ತರದಿಂದ ಗಣಿತದ ಯಾವ ತೊಡಕೂ ಹುಟ್ಟದು. ಅಲ್ಲಿ ಗುರಿಕಾರರು ರಂಧ್ರವುಳ್ಳ ದೃಷ್ಟಿಫಲಕಗಳ ಅಡಿಗೆ ಲೋಹದ ತುಂಡುಗಳನ್ನಿಟ್ಟು ಅವನ್ನು ಎತ್ತರಿಸಿಕೊಳ್ಳುತ್ತಾರೆ. ಗಣಿತವು ಮೌನವಾಗಿರುವ ಕಡೆಯಲ್ಲಿ ಶರೀರವು ಏನನ್ನು ಬೇಡುತ್ತದೆಂಬುದು ಅವರ ಈ ಆಚರಣೆಯಿಂದ ನಿಚ್ಚಳವಾಗುತ್ತದೆ: ನೆಟ್ಟಗಿರುವ ತಲೆ, ಸಡಿಲವಾದ ಕತ್ತು, ನೇರವಾದ ನೋಟ.

ಹಾಗಾದರೆ ಬಳೆಗಳನ್ನು ಆರಿಸುವ ಕ್ರಮವೇನು? ಬಂದೂಕನ್ನು ಬರಿದು ಮಾಡಿ, ಸುರಕ್ಷಿತವಾದ ದಿಕ್ಕಿಗೆ ತಿರುಗಿಸಿ, ಹೊಡೆಯುವ ಭಂಗಿಯಲ್ಲಿ ಕುಳಿತು, ಕಣ್ಣು ಮುಚ್ಚಿಕೊಂಡು ಕೆನ್ನೆಯನ್ನು ಹಿಡಿಗೆ ಆನಿಸಿ, ಕತ್ತಿಗೆ ಹಿತವೆನಿಸಿದ ಮೇಲೆ ಕಣ್ಣು ತೆರೆಯಬೇಕು. ಆಗ ಕಣ್ಣು ಇರುವ ಎತ್ತರವೇ ಸ್ಕೋಪು ಬೇಡುವ ಎತ್ತರ. ಅದಾದ ಮೇಲೆ ಯಂತ್ರಭಾಗಗಳ ಅಡಚಣೆಯನ್ನು ನೋಡಬೇಕು: 50 ಮಿಲಿಮೀಟರ್ ಮಸೂರದ ಹೊರಬಳೆಯು ಸುಮಾರು 58 ಮಿಲಿಮೀಟರ್ ಅಗಲವಿದ್ದು ನಳಿಗೆಯು 16 ಮಿಲಿಮೀಟರ್ ದಪ್ಪವಿದ್ದರೆ, ಒಂದಕ್ಕೊಂದು ತಾಗದಿರಲು ಅಕ್ಷಗಳ ಅಂತರವು ಸುಮಾರು 4 ಸೆಂಟಿಮೀಟರಾದರೂ ಬೇಕು. ಗುಂಡು ತುಂಬುವ ಮ್ಯಾಗಜೀನ್ ಮೇಲಕ್ಕೆ ಚಾಚಿರುವ ಬಂದೂಕಿನಲ್ಲಿ ಅದಕ್ಕೂ ಬೆರಳಿಗೂ ಎಡೆಯಿರಬೇಕು. ಸ್ಪ್ರಿಂಗಿನ ಬಂದೂಕು ಹಿಂದಕ್ಕೂ ಮುಂದಕ್ಕೂ ಜಾಡಿಸುವುದರಿಂದ, ಅದರಲ್ಲಿ ಎತ್ತರದ ಬಳೆಗಳು ಗಟ್ಟಿಯಾದವೂ ಜಾರದಂತೆ ತಡೆಮೊಳೆಯುಳ್ಳವೂ ಆಗಿರಬೇಕು. ಆರಿಸಿದ ಎತ್ತರವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯುವುದೂ ಸುಲಭ: ನಳಿಗೆಯ ಮೇಲಂಚಿಗೂ ಸ್ಕೋಪಿನ ಕೊಳವೆಯ ಕೆಳಅಂಚಿಗೂ ನಡುವಣ ಎಡೆ, ನಳಿಗೆಯ ಅರ್ಧ ದಪ್ಪ, ಕೊಳವೆಯ ಅರ್ಧ ದಪ್ಪ, ಈ ಮೂರನ್ನು ಕೂಡಿಸಿದರಾಯಿತು. ಎಡೆ 25, ನಳಿಗೆಯ ಅರ್ಧ 8, ಕೊಳವೆಯ ಅರ್ಧ 15 ಮಿಲಿಮೀಟರ್ ಆದರೆ ಎತ್ತರವು 48 ಮಿಲಿಮೀಟರ್. ಗಣಿತಕ್ಕೆ ಕೊಡಬೇಕಾದ ಅಂಕೆ ಇದೇ. ಅದನ್ನು ಊಹೆಯಿಂದ ತುಂಬಿದರೆ ಮುಂದಿನ ಲೆಕ್ಕವೆಲ್ಲ ಊಹೆಯಾಗಿಯೇ ಉಳಿಯುತ್ತದೆ.

‘ಸಾಧ್ಯವಾದಷ್ಟೂ ತಗ್ಗಿಸು’ ಎಂಬ ಹಳೆಯ ಸೂತ್ರವು ಸುಳ್ಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಹಿಂದಿನ ಬಂದೂಕುಗಳ ಹಿಡಿಗಳು ನಳಿಗೆಯ ಮೇಲಿನ ಮೊನೆಯನ್ನೂ ಕಚ್ಚನ್ನೂ ನೋಡಿ ಗುರಿಯಿಡುವುದಕ್ಕಾಗಿ ರೂಪುಗೊಂಡವು. ಅಂಥ ಹಿಡಿಗೆ ಕೆನ್ನೆ ಆನಿಸಿದವನ ಕಣ್ಣು ತಗ್ಗಿನಲ್ಲಿಯೇ ಇರುತ್ತಿತ್ತು, ಸ್ಕೋಪೂ ತಗ್ಗಿನಲ್ಲಿರಬೇಕಾಗಿತ್ತು. ಎಂದರೆ ಆ ಸೂತ್ರದ ಒಳಗಿನ ತಿರುಳೂ ಕಣ್ಣಿನ ಹಿತವೇ. ಹಿಡಿಗಳ ರೂಪವು ಬದಲಾಗಿ, ಕೆನ್ನೆಯ ಆಸರೆಯನ್ನು ಏರಿಸಿ ಇಳಿಸುವ ಅನುಕೂಲವು ಬಂದ ಮೇಲೆಯೂ ಮಾತು ಮಾತ್ರ ಹಾಗೆಯೇ ಉಳಿಯಿತು. ಆದುದರಿಂದ ವಿವೇಕಿಯಾದ ಗುರಿಕಾರನು ಎತ್ತರವನ್ನು ಮೊದಲು ತನ್ನ ಕತ್ತಿನಿಂದ ಕೇಳಿ ತಿಳಿಯಲಿ, ಅನಂತರ ಯಂತ್ರದ ಎಡೆಯನ್ನು ನೋಡಲಿ, ಆಮೇಲೆ ನಿಲುಗೆರೆಯನ್ನು ನಳಿಗೆಯ ನೇರಕ್ಕೆ ತಂದು ಬಿಗಿಯಲಿ, ಕಡೆಗೆ ಆ ಎತ್ತರವನ್ನು ಅಳೆದು ಒಂದೊಂದು ದೂರದಲ್ಲಿಯೂ ಹೊಡೆದು ನೋಡಿ ತನ್ನ ಕೋಷ್ಟಕವನ್ನು ಬರೆದುಕೊಳ್ಳಲಿ. ಗುಂಡು ಯಾವ ಎತ್ತರವನ್ನಾದರೂ ಲೆಕ್ಕಕ್ಕೆ ಒಪ್ಪಿಕೊಳ್ಳುತ್ತದೆ. ಶರೀರವು ತನ್ನದಾದ ಒಂದೇ ಎತ್ತರವನ್ನು ಒಪ್ಪುತ್ತದೆ. ಹೀಗಿರುವಲ್ಲಿ ಬಗ್ಗಬಲ್ಲ ಲೆಕ್ಕವು ಬಗ್ಗಲಾರದ ಶರೀರಕ್ಕೆ ಹೊಂದಿಕೊಳ್ಳುವುದೇ ಶಾಸ್ತ್ರಸಮ್ಮತವಾದ ಮಾರ್ಗ.